ಅಟ್ಟದ ಲೆಕ್ಕ ಯಾರ ಕೈಯಲ್ಲಿ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಅಟ್ಟಕ್ಕೊಂದು ಗೌರವವುಂಟು. ಕಿತ್ತ ಕಾಯಿ ಅಲ್ಲಿಯೇ ತಿಂಗಳುಗಟ್ಟಲೆ ಒಣಗಿ ಚಿಪ್ಪಿನೊಳಗೆ ಗಿಟುಕಾಗಿ ಅಲುಗಾಡುವವರೆಗೆ, ಅಟ್ಟದಲ್ಲಿ ಎಷ್ಟು ಇದೆಯೆಂಬುದು ಮನೆಯವರಷ್ಟೇ ಬಲ್ಲ ಲೆಕ್ಕ. ದನದ ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದ ಹಿರಿಯರು ವಂಚಕರಾಗಿರಲಿಲ್ಲ. ಮಾತು ತಲುಪಬೇಕಾದವರಿಗೆ ಮಾತ್ರ ತಲುಪಲಿ ಎಂಬ ವಿವೇಕ ಅವರದು.

ಇಂದು ಅನೇಕ ಮನೆಗಳಲ್ಲಿ ಆ ಲೆಕ್ಕ ಕಂಪ್ಯೂಟರಿನೊಳಗಿದೆ. ಕೊಬ್ಬರಿ ಮಾರಿದ ಪಟ್ಟಿ, ಬ್ಯಾಂಕಿನ ಸಾಲ, ಮಗಳ ಮದುವೆಯ ಮಾತುಕತೆ, ವೈದ್ಯರ ಚೀಟಿ ಎಲ್ಲವೂ ಅಲ್ಲಿಯೇ. ನಾವು ಸುಮ್ಮನೆ ಕುಳಿತಿದ್ದಾಗಲೂ ಆ ಯಂತ್ರ ಸುಮ್ಮನಿರುವುದಿಲ್ಲ. ಬಂಧುಗಳ ಹುಡುಗನೊಬ್ಬ ನಮ್ಮ ಕಂಪ್ಯೂಟರಿನಲ್ಲಿ 'ರಿಸೋರ್ಸ್ ಮಾನಿಟರ್' ತೆರೆದು ತೋರಿಸಿದಾಗ, ನಾವು ಏನನ್ನೂ ಮುಟ್ಟದಿದ್ದರೂ ಹತ್ತಾರು ಸಂಪರ್ಕಗಳು ಹೊರಜಗತ್ತಿನೊಡನೆ ನಡೆದಿದ್ದವು.

ಇವೆಲ್ಲವೂ ಕೆಟ್ಟವಲ್ಲ. ಗಡಿಯಾರ ಸರಿಪಡಿಸುವುದು, ಭದ್ರತೆಯ ಪರಿಷ್ಕರಣೆಗಳನ್ನು ತರುವುದು ಅವಶ್ಯ ಕಾರ್ಯಗಳೇ. ಆದರೆ ಯಾವ ತಂತ್ರಾಂಶವನ್ನು ಎಷ್ಟು ಹೊತ್ತು ಬಳಸಿದೆವು ಎಂಬಂಥ ಸಂಗತಿಗಳೂ ತಯಾರಕರಿಗೆ ರವಾನೆಯಾಗಬಹುದು. 2015ರಲ್ಲಿ ವಿಂಡೋಸ್ 10 ಬಂದಾಗ ಈ ಪ್ರಶ್ನೆ ಜಗತ್ತಿನಲ್ಲೆಲ್ಲ ಎದ್ದಿತು. ಮಾಹಿತಿ ಸಂಗ್ರಹ ಅತಿಯಾಯಿತೆಂದು 2016ರಲ್ಲಿ ಫ್ರಾನ್ಸಿನ ದತ್ತಾಂಶ ರಕ್ಷಣಾ ಪ್ರಾಧಿಕಾರ ಮೈಕ್ರೋಸಾಫ್ಟಿಗೆ ನೋಟಿಸು ನೀಡಿತು. ಸಂಸ್ಥೆ ತಿದ್ದಿಕೊಂಡ ಮೇಲೆ 2017ರಲ್ಲಿ ಅದು ಮುಕ್ತಾಯವಾಯಿತು. ಕೇಳಿದವರಿಗೆ ಉತ್ತರ ದೊರೆಯುತ್ತದೆ ಎಂಬುದೇ ಇದರ ಪಾಠ.

ನಮ್ಮ ನಾಡಿನವರೂ ಕೇಳಿದ್ದಾರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರಜೆಯ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಕಾಯಿದೆಯನ್ನೂ ಅಂಗೀಕರಿಸಿತು.

ಆದರೆ ಕಾಯಿದೆ ಇದೆಯೆಂದು ಮನೆಯ ಬಾಗಿಲು ತೆರೆದಿಟ್ಟು ಮಲಗುವವರುಂಟೇ? ಗೃಹಸ್ಥರು ಮಾಡಬಹುದಾದ ಕೆಲಸಗಳು ಸರಳವಾಗಿವೆ. ವಿಂಡೋಸ್ 11ರ 'ಸೆಟ್ಟಿಂಗ್ಸ್'ನಲ್ಲಿ 'ಪ್ರೈವೆಸಿ ಅಂಡ್ ಸೆಕ್ಯುರಿಟಿ' ತೆರೆದು, 'ಡಯಾಗ್ನಾಸ್ಟಿಕ್ಸ್' ವಿಭಾಗದ ಐಚ್ಛಿಕ ಮಾಹಿತಿ ರವಾನೆಯನ್ನು ನಿಲ್ಲಿಸಬಹುದು. ಕಡ್ಡಾಯವೆಂದು ತಯಾರಕರು ಇಟ್ಟಿರುವ ಭಾಗ ಆಗಲೂ ಹೋಗುತ್ತದೆ, ಅದು ತಿಳಿದಿರಲಿ. ಬಳಸದ ತಂತ್ರಾಂಶಗಳನ್ನು ತೆಗೆದುಹಾಕಬೇಕು. ವಿಂಡೋಸಿನ ಫೈರ್‌ವಾಲ್ ಸಾಮಾನ್ಯವಾಗಿ ಒಳಬರುವವರನ್ನು ತಡೆಯುತ್ತದೆಯೇ ಹೊರತು ಹೊರಹೋಗುವ ಮಾತನ್ನು ತಾನಾಗಿ ತಡೆಯುವುದಿಲ್ಲ; ಅದಕ್ಕೆ ನಾವೇ ನಿಯಮ ಹಾಕಬೇಕು. ಭದ್ರತೆಯ ಪರಿಷ್ಕರಣೆಗಳನ್ನು ಮಾತ್ರ ಎಂದಿಗೂ ನಿಲ್ಲಿಸಕೂಡದು. ಅದು ಗೂಢಚಾರನಿಗೆ ಹೆದರಿ ಬಾಗಿಲ ಅಗುಳಿಯನ್ನೇ ಕಿತ್ತೆಸೆದಂತೆ.

ಮುಚ್ಚಿಡಲು ನಮ್ಮಲ್ಲಿ ಏನಿದೆ ಎಂದು ಕೆಲವರು ಕೇಳುತ್ತಾರೆ. ಅಟ್ಟದಲ್ಲಿ ಕಳ್ಳಮಾಲಿದೆಯೆಂದು ಯಾರೂ ಏಣಿಯನ್ನು ಒಳಗೆ ಎಳೆದಿಡುವುದಿಲ್ಲ. ಅಟ್ಟ ನಮ್ಮದು, ಏರುವವರು ನಮ್ಮನ್ನು ಕೇಳಿ ಏರಲಿ ಎಂಬುದಷ್ಟೇ ಅದರ ಅರ್ಥ. ಮಕ್ಕಳಿಗೆ ಕಂಪ್ಯೂಟರ್ ಕೊಡಿಸುವ ತಂದೆತಾಯಂದಿರು ಈ ಮರ್ಯಾದೆಯನ್ನೂ ಜೊತೆಯಲ್ಲಿಯೇ ಕಲಿಸುವುದು ಲೇಸು.