ಹೆರಿಗೆಯಾದ ಮೇಲಿನ ನಲವತ್ತು ವರ್ಷ

ಅಮೆರಿಕದ ಜರ್ಸಿ ಸಿಟಿಯಲ್ಲಿ 1931ರಲ್ಲಿ ಮಾರ್ಗರೆಟ್ ಹೇಗ್ ಹೆರಿಗೆ ಆಸ್ಪತ್ರೆ ಶುರುವಾಯಿತು. ಅಲ್ಲಿ ಕೆಲಸಕ್ಕೆ ಸೇರಿದ ಲಿಯಾನ್ ಚೆಸ್ಲಿ ವೈದ್ಯರಲ್ಲ, ಪ್ರಯೋಗಾಲಯದವರು. ಗರ್ಭಿಣಿಗೆ ಬಿಪಿ ವಿಪರೀತ ಏರಿ ಕೊನೆಗೆ ಫಿಟ್ಸ್ ಬರುವ ಎಕ್ಲಾಂಪ್ಸಿಯಾ ಅವರ ಕುತೂಹಲದ ವಿಷಯ. ನಮ್ಮ ಕಡೆ ಗರ್ಭಿಣಿ ನಂಜು ಎನ್ನುತ್ತಾರಲ್ಲ, ಅದರ ಉಗ್ರ ರೂಪ ಇದು. 1931ರಿಂದ 1951ರವರೆಗೆ ಆ ಆಸ್ಪತ್ರೆಯಲ್ಲಿ ಎಕ್ಲಾಂಪ್ಸಿಯಾ ಬಂದು ಬದುಕುಳಿದ 270 ಹೆಂಗಸರ ಪಟ್ಟಿಯನ್ನು ಚೆಸ್ಲಿ ಇಟ್ಟುಕೊಂಡರು. ಊರು ಬದಲಿಸಿದವರನ್ನೂ, ಮರುಮದುವೆಯಾಗಿ ಹೆಸರು ಬದಲಿಸಿಕೊಂಡವರನ್ನೂ ಬಿಡದೆ ಹುಡುಕಿ ಬಿಪಿ ನೋಡುತ್ತಾ ಹೋದರು. ಆ ಆಸ್ಪತ್ರೆ ಬಿಟ್ಟು ಬ್ರೂಕ್ಲಿನ್ನಿಗೆ ಹೋದ ಮೇಲೂ ಈ ಕೆಲಸ ನಿಲ್ಲಲಿಲ್ಲ. 1976ರಲ್ಲಿ ಆರನೆಯ ವರದಿ ಪ್ರಕಟವಾದಾಗ ಒಬ್ಬರನ್ನುಳಿದು ಮಿಕ್ಕೆಲ್ಲರ ಕಥೆ ಅವರ ಬಳಿ ಇತ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇಂಥ ಹಟ ಅಪರೂಪ.

ಅವರು ಕಂಡದ್ದು, ನಂಜು ಖಾಯಂ ಬಿಪಿಯನ್ನು ಹುಟ್ಟಿಸುತ್ತದೆ ಎಂಬ ಅವರ ಕಾಲದವರ ನಂಬಿಕೆಗೆ ವಿರುದ್ಧವಾಗಿತ್ತು. ಚೊಚ್ಚಲ ಬಸಿರಿನಲ್ಲಿ ಫಿಟ್ಸ್ ಬಂದಿದ್ದ ಬಿಳಿಯ ಹೆಂಗಸರು ಸಾಮಾನ್ಯ ಹೆಂಗಸರಷ್ಟೇ ಕಾಲ ಬದುಕಿದ್ದರು. ಆದರೆ ನಂತರದ ಬಸಿರಿನಲ್ಲಿ ಬಂದವರಲ್ಲಿ ಬಿಪಿಯೂ ಹೃದ್ರೋಗದ ಸಾವೂ ಹೆಚ್ಚಾಗಿದ್ದವು. ಅಂದರೆ ನಂಜು ಬಿಪಿಯನ್ನು ಹುಟ್ಟಿಸುವುದಿಲ್ಲ, ಒಳಗೆ ಅಡಗಿರುವ ಬಿಪಿಯನ್ನು ಬಸಿರು ಹೊರಗೆ ಕಾಣಿಸುತ್ತದೆ ಎಂಬುದು ಚೆಸ್ಲಿಯವರ ವಾದ.

ಈ ವಾದವನ್ನು ಒರೆಗೆ ಹಚ್ಚಲು 270 ಜನ ಸಾಲುವುದಿಲ್ಲ, ಲಕ್ಷಗಟ್ಟಲೆ ಬೇಕು. ಇಲ್ಲಿ ಬರುವವರೇ ಎಪಿಡೆಮಿಯಾಲಜಿಸ್ಟರು. ಒಬ್ಬ ರೋಗಿಯ ನಾಡಿ ಹಿಡಿಯುವ ಬದಲು ಇಡೀ ಜನಸಮೂಹದಲ್ಲಿ ಯಾರಿಗೆ, ಯಾವಾಗ, ಏಕೆ ಕಾಯಿಲೆ ಬರುತ್ತದೆ ಎಂದು ಲೆಕ್ಕ ಹಿಡಿಯುವವರು. ಅವರಲ್ಲಿ ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆ ಮತ್ತು ಹಾರ್ವರ್ಡ್‌ನ ಜಾನೆಟ್ ರಿಚ್-ಎಡ್ವರ್ಡ್ಸ್ ತಮ್ಮ ವೃತ್ತಿಯ ಬಹುಭಾಗವನ್ನು ಬಸಿರು ಮತ್ತು ಹೆಣ್ಣಿನ ಮುಂದಿನ ಆರೋಗ್ಯದ ನಂಟಿಗೆ ಕೊಟ್ಟವರು.

ಅವರ ಕೈಗೆ ಸಿಕ್ಕ ಗಣಿ ದಾದಿಯರ ಆರೋಗ್ಯ ಅಧ್ಯಯನ. 1976ರಲ್ಲಿ 1,21,700 ನರ್ಸುಗಳೊಂದಿಗೆ ಅದು ಆರಂಭವಾಯಿತು. 1989ರಲ್ಲಿ ಇನ್ನೂ ಚಿಕ್ಕ ವಯಸ್ಸಿನ ಸುಮಾರು 1,16,000 ನರ್ಸುಗಳ ಎರಡನೆಯ ತಂಡ ಸೇರಿತು. ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಪ್ರಶ್ನಾವಳಿ ಹೋಗುತ್ತದೆ, ಅವರು ಭರ್ತಿ ಮಾಡಿ ಕಳಿಸುತ್ತಾರೆ. ನರ್ಸುಗಳನ್ನೇ ಆರಿಸಿದ್ದು ಜಾಣತನ. ಅವರಿಗೆ ಕಾಯಿಲೆಗಳ ಹೆಸರು ಗೊತ್ತು, ಬಿಪಿ ಎಂದರೆ ಏನೆಂದು ವಿವರಿಸಬೇಕಿಲ್ಲ.

ರಿಚ್-ಎಡ್ವರ್ಡ್ಸ್ ಅವರ 1997ರ ಪ್ರಬಂಧ ಮಗುವಿನ ಕಡೆಯಿಂದ ಹೊರಟದ್ದು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದ್ರೋಗ ಹೆಚ್ಚು ಎಂದು ಬ್ರಿಟನ್ನಿನ ಡೇವಿಡ್ ಬಾರ್ಕರ್ ಹೇಳಿದ್ದರು. ಅದು ಬಡತನದ್ದೋ ಧೂಮಪಾನದ್ದೋ ಪ್ರಭಾವ ಇರಬೇಕು ಎಂದು ಅನೇಕರು ತಳ್ಳಿಹಾಕಿದ್ದರು. ಅವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ನರ್ಸುಗಳಲ್ಲಿ ನಂಟು ಉಳಿದೇ ಇತ್ತು. ಸರಿ, ಒಂದು ಹೆರಿಗೆ ಮಗುವಿನ ನಾಳೆಯನ್ನು ಹೇಳುತ್ತದೆ ಎಂದಾದರೆ ಹೆತ್ತವಳ ನಾಳೆಯನ್ನು ಹೇಳದೇ?

ಇಲ್ಲೊಂದು ತೊಡಕಿದೆ. ಮೂವತ್ತು ವರ್ಷದ ಹಿಂದಿನ ಬಸಿರಿನ ಬಗ್ಗೆ ಹೆಂಗಸರು ಹೇಳುವುದನ್ನು ನಂಬುವುದು ಹೇಗೆ? ರಿಚ್-ಎಡ್ವರ್ಡ್ಸ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ತಾಯಂದಿರ ನೆನಪನ್ನು ಹಳೆಯ ಆಸ್ಪತ್ರೆ ದಾಖಲೆಯ ಪಕ್ಕದಲ್ಲಿಟ್ಟು ನೋಡಿ 1999ರಲ್ಲಿ ಪ್ರಕಟಿಸಿದರು. ಮಗುವಿನ ತೂಕದಂಥ ವಿವರ ದಶಕಗಳ ಮೇಲೂ ಚೆನ್ನಾಗಿ ಹೊಂದುತ್ತಿತ್ತು. ನಮ್ಮ ಅಜ್ಜಿಯಂದಿರನ್ನು ಕೇಳಿದ್ದರೆ ಇದನ್ನು ಪ್ರಬಂಧವಿಲ್ಲದೆಯೇ ಹೇಳುತ್ತಿದ್ದರು ಅನ್ನಿ. ಆದರೆ ವಿಜ್ಞಾನಕ್ಕೆ ಸಾಕ್ಷಿ ಬೇಕು.

ಈ ನಡುವೆ ನಾರ್ವೆಯಿಂದ ದೊಡ್ಡ ಸುದ್ದಿ ಬಂತು. ಅಲ್ಲಿ ಪ್ರತಿ ಹೆರಿಗೆಯೂ ರಾಷ್ಟ್ರೀಯ ದಾಖಲೆಗೆ ಸೇರುತ್ತದೆ. 2001ರಲ್ಲಿ 6,26,272 ಹೆರಿಗೆಗಳನ್ನು ನೋಡಿದಾಗ, ನಂಜಿನ ಜೊತೆಗೆ ಅವಧಿಗೆ ಮುಂಚೆ ಹೆತ್ತವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾವು ಸುಮಾರು ಎಂಟು ಪಟ್ಟು ಇತ್ತು. ನಂಜಿದ್ದರೂ ದಿನ ತುಂಬಿ ಹೆತ್ತವರಲ್ಲಿ ಹೆಚ್ಚಳ ಎರಡು ಪಟ್ಟನ್ನೂ ಮುಟ್ಟಲಿಲ್ಲ. ಚೆಸ್ಲಿಯವರ ಚೊಚ್ಚಲ ತಾಯಂದಿರಲ್ಲಿ ಹೆಚ್ಚಿನವರು ದಿನ ತುಂಬಿ ಹೆತ್ತಿದ್ದರೆ, ಅವರು ನೆಮ್ಮದಿಯಾಗಿ ಬಾಳಿದ್ದಕ್ಕೆ ಇದರಲ್ಲಿ ಅರ್ಧ ಉತ್ತರವಿದೆ. ಎಂಟು ಪಟ್ಟು ಎಂದೊಡನೆ ಗಾಬರಿಯಾಗಬೇಕಿಲ್ಲ. ಮೂವತ್ತು ನಲವತ್ತರ ಹೆಂಗಸರಲ್ಲಿ ಅಂಥ ಸಾವು ಮೊದಲೇ ಬಹಳ ಕಡಿಮೆ, ಸಣ್ಣದರ ಎಂಟು ಪಟ್ಟೂ ಸಣ್ಣದೇ. ಪತ್ರಿಕೆಗಳ ತಲೆಬರಹದಲ್ಲಿ ಈ ಮಾತು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ನರ್ಸುಗಳ ಎರಡನೆಯ ತಂಡದಿಂದ ರಿಚ್-ಎಡ್ವರ್ಡ್ಸ್ ಅವರ ಗುಂಪು 2017ರಲ್ಲಿ ಮತ್ತೊಂದು ಸಂಗತಿ ತೆಗೆಯಿತು. ಮೊದಲ ಮಗುವನ್ನು 37 ವಾರಕ್ಕೆ ಮುಂಚೆ ಹೆತ್ತವರಿಗೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಶೇ. 40ರಷ್ಟು ಹೆಚ್ಚು, 32 ವಾರಕ್ಕೂ ಮುಂಚೆಯಾದರೆ ಎರಡು ಪಟ್ಟು. ಮರುವರ್ಷದ ಪ್ರಬಂಧ ಬಿಪಿಯ ಕುರಿತದ್ದು. ಬಸಿರಿನಲ್ಲಿ ನಂಜಾಗಿದ್ದವರಿಗೆ ಮುಂದೆ ಖಾಯಂ ಬಿಪಿ ಬರುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು. ನಂಜಿನ ಉಳಿದ ಲಕ್ಷಣಗಳಿಲ್ಲದೆ ಬರೀ ಬಿಪಿ ಏರಿದ್ದವರಿಗೆ ಅದಕ್ಕಿಂತಲೂ ಹೆಚ್ಚು, ಸುಮಾರು 2.8 ಪಟ್ಟು. "ಸ್ವಲ್ಪ ಬಿಪಿ ಇತ್ತು, ಹೆರಿಗೆಯಾದ ಮೇಲೆ ಹೋಯ್ತು" ಎಂದು ಮರೆಯುವವರು ಗಮನಿಸಬೇಕಾದ ಅಂಕಿ ಇದು.

ಇದೆಲ್ಲ ಏಕಾಗುತ್ತದೆ? ಬಸಿರಿನಲ್ಲಿ ಮೈಯ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ, ಹೃದಯ ಅಷ್ಟೂ ರಕ್ತವನ್ನು ತಳ್ಳಬೇಕು. ಮಾಸಿನ ಹಾರ್ಮೋನುಗಳು ಇನ್ಸುಲಿನ್ನಿಗೆ ಅಡ್ಡಗಾಲು ಹಾಕುತ್ತವೆ, ಕೊಬ್ಬಿನಂಶ ಏರುತ್ತದೆ. ಹೃದಯತಜ್ಞರು ಟ್ರೆಡ್‌ಮಿಲ್ ಮೇಲೆ ಓಡಿಸಿ ಇಸಿಜಿ ನೋಡುವಂತೆ, ಬಸಿರು ಹೆಣ್ಣಿನ ಮೈಯನ್ನು ಒಂಬತ್ತು ತಿಂಗಳು ಪರೀಕ್ಷಿಸುತ್ತದೆ ಎಂದು ಈ ಕ್ಷೇತ್ರದವರೆಲ್ಲ ಹೇಳುವುದು ಇದಕ್ಕೇ. ನಾರ್ವೆಯ ಟ್ರೊಂಡೆಲಾಗ್ ಪ್ರಾಂತ್ಯದಲ್ಲಿ ಬಸಿರಿಗೆ ಮುಂಚೆಯೇ ಬಿಪಿ, ತೂಕ ಅಳೆದಿಟ್ಟ ಹುಂಟ್ ಎಂಬ ಅಧ್ಯಯನವಿದೆ. ನಂಜಾದವರಲ್ಲಿ ಮುಂದೆ ಕಾಣುವ ಬಿಪಿ, ತೂಕಗಳ ಏರಿಕೆಯ ದೊಡ್ಡ ಪಾಲು ಮೊದಲೇ ಇತ್ತು ಎಂದು ಅದು ತೋರಿಸಿತು. ಚೆಸ್ಲಿಯವರ ವಾದಕ್ಕೆ ಬಲ ಬಂತು. ಪೂರ್ತಿ ಅಲ್ಲ. ನಂಜು ರಕ್ತನಾಳಗಳಲ್ಲಿ ತನ್ನದೇ ಗಾಯದ ಗುರುತನ್ನೂ ಬಿಡುತ್ತದೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಸಕ್ಕರೆಯ ಕಥೆ ಇದಕ್ಕಿಂತ ಸರಳ. ಬಸಿರಿನ ಸಕ್ಕರೆ ಕಾಯಿಲೆಯನ್ನು ಗುರುತಿಸುವ ಅಳತೆಗಳನ್ನು 1964ರಲ್ಲಿ ಬಾಸ್ಟನ್ನಿನ ಜಾನ್ ಓ'ಸಲಿವನ್ ಮತ್ತು ಸಂಖ್ಯಾಶಾಸ್ತ್ರಜ್ಞೆ ಕ್ಲೇರ್ ಮಹಾನ್ ರೂಪಿಸಿದರು. ಆ ಗೆರೆಯನ್ನು ಎಳೆದದ್ದು ಮಗುವಿಗೆ ಏನಾಗುತ್ತದೆ ಎಂದು ನೋಡಿ ಅಲ್ಲ, ತಾಯಿಗೆ ಮುಂದೆ ಮಧುಮೇಹ ಬರುತ್ತದೆಯೇ ಎಂದು ನೋಡಿ. ಅಂದರೆ ಈ ಪರೀಕ್ಷೆ ಹುಟ್ಟಿದ್ದೇ ತಾಯಿಗಾಗಿ. ಈಗ ಅದು ಮಗುವಿಗಾಗಿ ನಡೆಯುತ್ತದೆ, ಮಗು ಹುಟ್ಟಿದ ದಿನ ಮರೆತೂ ಹೋಗುತ್ತದೆ.

ಅಮೆರಿಕದ ನರ್ಸುಗಳಲ್ಲಿ ಬಹುಪಾಲು ಬಿಳಿಯರು, ಅವರ ಲೆಕ್ಕ ನಮಗೆ ಹೊಂದುತ್ತದೆಯೇ ಎಂದು ಕೇಳುವುದು ನ್ಯಾಯ. ಉತ್ತರ ಮೈಸೂರಿನಲ್ಲೇ ಇದೆ. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದಾರೆ. ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಜಿ.ವಿ. ಕೃಷ್ಣವೇಣಿ ಅವರ ತಂಡ ಅಲ್ಲಿ 1997–98ರಲ್ಲಿ 830 ಗರ್ಭಿಣಿಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಐದು ವರ್ಷದ ನಂತರ ತಾಯಂದಿರನ್ನು ಮತ್ತೆ ಪರೀಕ್ಷಿಸಿದಾಗ, ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದವರಲ್ಲಿ ಶೇ. 37 ಮಂದಿ ಮಧುಮೇಹಿಗಳಾಗಿದ್ದರು. ಉಳಿದವರಲ್ಲಿ ಶೇ. 2 ಮಾತ್ರ. ಕಾಯಿಲೆ ಬಂದಿದ್ದವರು 35 ಜನ, ಸಣ್ಣ ಗುಂಪು ನಿಜ. ಆದರೂ ಐದೇ ವರ್ಷದಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು!

ರಿಚ್-ಎಡ್ವರ್ಡ್ಸ್ ಅವರೂ ಭಾಗಿಯಾಗಿದ್ದ ಇನ್ನೊಂದು ಲೆಕ್ಕಾಚಾರ, ತಮ್ಮ ಕ್ಷೇತ್ರಕ್ಕೇ ಕಹಿಯಾದದ್ದು, ನನಗೆ ಬಹಳ ಮುಖ್ಯ ಎನಿಸುತ್ತದೆ. ಹುಂಟ್ ಅಧ್ಯಯನದ ಮಧ್ಯವಯಸ್ಸಿನ ಹೆಂಗಸರಲ್ಲಿ ಬಿಪಿ, ಕೊಲೆಸ್ಟ್ರಾಲ್ ಮುಂತಾದವು ಗೊತ್ತಿರುವಾಗ ಬಸಿರಿನ ಇತಿಹಾಸ ಸೇರಿಸಿದರೆ ಹೃದ್ರೋಗದ ಅಂದಾಜು ಎಷ್ಟು ಸುಧಾರಿಸುತ್ತದೆ ಎಂದು ನೋಡಿದರು. ತೀರಾ ಸ್ವಲ್ಪ. ಐವತ್ತಕ್ಕೆ ಬರುವ ಹೊತ್ತಿಗೆ ಬಸಿರು ಹೇಳಬೇಕಿದ್ದುದನ್ನು ಬಿಪಿ ಯಂತ್ರವೇ ಹೇಳುತ್ತಿರುತ್ತದೆ. ಹಾಗಾದರೆ ಈ ಅರಿವಿನ ಬೆಲೆ ಇರುವುದು ಇಪ್ಪತ್ತೈದರಿಂದ ನಲವತ್ತೈದರ ನಡುವೆ, ಬಿಪಿ ಯಂತ್ರ ಇನ್ನೂ ಏನನ್ನೂ ಹೇಳದ ಕಾಲದಲ್ಲಿ.

ಆ ಕಾಲದಲ್ಲೇ ನಮ್ಮ ಹೆಣ್ಣುಮಕ್ಕಳನ್ನು ಯಾರೂ ನೋಡುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ. ಬಿಪಿ ಏರಿದ್ದನ್ನು ಕಂಡ ಡಾಕ್ಟರು ಆ ಊರಿನವರು. ಬಾಣಂತನ ಮುಗಿಸಿ ಅವಳು ಗಂಡನ ಮನೆಗೆ ಹೊರಟಾಗ ಕೂಸಿನ ಲಸಿಕೆಯ ತಾರೀಖು ಎಲ್ಲರಿಗೂ ನೆನಪಿರುತ್ತದೆ, ಅವಳ ಸಕ್ಕರೆ ಪರೀಕ್ಷೆ ಯಾರಿಗೂ ನೆನಪಿರುವುದಿಲ್ಲ. ಸರ್ಕಾರದ ಬಿಪಿ-ಶುಗರ್ ತಪಾಸಣೆ ಶುರುವಾಗುವುದು ಮೂವತ್ತು ದಾಟಿದವರಿಗೆ. ಇಪ್ಪತ್ತೆರಡಕ್ಕೆ ಹೆತ್ತವಳಿಗೆ ಅಷ್ಟರೊಳಗೆ ಎಂಟು ವರ್ಷ ಕಳೆದಿರುತ್ತದೆ. ಮೈಸೂರಿನ ತಾಯಂದಿರಿಗೆ ಐದೇ ಸಾಕಾಗಿತ್ತು. ಇದು ತಪ್ಪಿಸಲಾಗದ ಹಣೆಬರಹವೂ ಅಲ್ಲ. ಬಸಿರಿನ ಸಕ್ಕರೆ ಕಾಯಿಲೆ ಬಂದಿದ್ದವರಲ್ಲಿ ತೂಕ ಇಳಿಸುವುದು, ನಡಿಗೆ, ಅಥವಾ ಮೆಟ್‌ಫಾರ್ಮಿನ್ ಮಾತ್ರೆ ಮಧುಮೇಹವನ್ನು ಸುಮಾರು ಅರ್ಧದಷ್ಟು ತಗ್ಗಿಸಿತೆಂದು ಅಮೆರಿಕದ ಮಧುಮೇಹ ತಡೆ ಪ್ರಯೋಗ ತೋರಿಸಿದೆ.

ಆದ್ದರಿಂದ ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ತಾಯಿ ಕಾರ್ಡನ್ನು ಎಸೆಯಬೇಡಿ. ಬಸಿರಿನಲ್ಲಿ ಸಕ್ಕರೆ ಬಂದಿದ್ದರೆ ಹೆರಿಗೆಯಾದ ಆರು ವಾರಕ್ಕೆ ಗ್ಲೂಕೋಸ್ ಕುಡಿಸಿ ಮಾಡುವ ರಕ್ತಪರೀಕ್ಷೆ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ ಶುಗರ್ ನೋಡಿಸಿ. ಬಿಪಿ ಏರಿದ್ದರೆ, ದಿನ ತುಂಬುವ ಮುಂಚೆ ಹೆರಿಗೆಯಾಗಿದ್ದರೆ, ವರ್ಷಕ್ಕೊಮ್ಮೆ ಬಿಪಿ ಅಳೆಸಿಕೊಳ್ಳಿ. ಯಾವ ಡಾಕ್ಟರ ಬಳಿ ಯಾವ ಕಾಯಿಲೆಗೆ ಹೋದರೂ, ಅವರು ಕೇಳದಿದ್ದರೂ, ನಿಮ್ಮ ಹೆರಿಗೆಗಳು ಹೇಗಾದವು ಎಂದು ನೀವೇ ಹೇಳಿ.