ಸೀಟಿನ ದಾರಿಯೂ ನ್ಯಾಯವೂ
(ವೆಂಬ್ಲಿಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ನಮ್ಮ ಕಾಲದಲ್ಲಿ ವೈದ್ಯಕೀಯ ಕಾಲೇಜಿಗೆ ಎರಡು ಬಾಗಿಲುಗಳಿದ್ದವು: ಒಂದು ಅಂಕಗಳದು, ಇನ್ನೊಂದು ಹಣದ್ದು. ನಾನು ಮೊದಲನೆಯದರಿಂದ ಒಳಹೊಕ್ಕವನು. ನನ್ನ ಪಕ್ಕದ ಬೆಂಚಿನ ಗೆಳೆಯ ಕೆಲವೇ ಅಂಕಗಳಿಂದ ಹೊರಗುಳಿದ. ಎರಡನೆಯ ಬಾಗಿಲನ್ನು ತಟ್ಟುವ ಶಕ್ತಿ ಅವನ ತಂದೆಗಿರಲಿಲ್ಲ.

ಕರ್ನಾಟಕವು 1984ರಲ್ಲಿಯೇ ಕ್ಯಾಪಿಟೇಷನ್ ಶುಲ್ಕವನ್ನು ಶಾಸನದ ಮೂಲಕ ನಿಷೇಧಿಸಿತ್ತು. ಆದರೆ 1989ರ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ ಶುಲ್ಕ ವಿಧಿಸಬಹುದಾಗಿತ್ತು. ತುಮಕೂರಿನ ಕಾಲೇಜೊಂದರಿಂದ ಹುಟ್ಟಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ, 1992ರಲ್ಲಿ, ಸುಪ್ರೀಂ ಕೋರ್ಟು ಇದನ್ನು ಬೇರೆ ಹೆಸರಿನ ಕ್ಯಾಪಿಟೇಷನ್ ಎಂದೇ ಪರಿಗಣಿಸಿತು. 1993ರ ಉನ್ನಿಕೃಷ್ಣನ್ ತೀರ್ಪಿನ ತರುವಾಯ, 1994ರಲ್ಲಿ, ಸಿಇಟಿ ನಡೆಸುವ ಪ್ರಾಧಿಕಾರ ಸ್ಥಾಪನೆಯಾಯಿತು. ನಿಯಮಗಳು ಮುಂದೆ ಹಲವು ಬಾರಿ ಬದಲಾದರೂ ಪ್ರಶ್ನೆ ಒಂದೇ ಆಗಿ ಉಳಿದಿದೆ: ತಂದೆಯ ಹಣ ಮಗುವಿನ ಯೋಗ್ಯತೆಯ ವೇಷ ಧರಿಸಬಹುದೇ?

ಇಂಗ್ಲೆಂಡಿನಲ್ಲಿ ಕ್ಯಾಪಿಟೇಷನ್ ಎಂಬ ಮಾತು ಕೇಳಿಬರುವುದಿಲ್ಲ. ಆದರೆ ಬಾಗಿಲವರೆಗಿನ ದಾರಿ ಮಾರಾಟಕ್ಕಿದೆ. ಶುಲ್ಕ ಪಡೆದು ಅರ್ಜಿಯನ್ನು ಸಿದ್ಧಪಡಿಸುವ ಖಾಸಗಿ ಸಲಹೆಗಾರರು ಹೇರಳವಾಗಿದ್ದಾರೆ. 2007ರಲ್ಲಿ ಯೂಕ್ಯಾಸ್ ಸಂಸ್ಥೆ ಸುಮಾರು 50,000 ಪರ್ಸನಲ್ ಸ್ಟೇಟ್‌ಮೆಂಟುಗಳನ್ನು ಪರಿಶೀಲಿಸಿದಾಗ, 234 ಅಭ್ಯರ್ಥಿಗಳು ತಮ್ಮ ಎಂಟನೆಯ ಹುಟ್ಟುಹಬ್ಬದಂದು ರಸಾಯನ ಪ್ರಯೋಗ ಮಾಡಿ ಪೈಜಾಮ ಸುಟ್ಟುಕೊಂಡುದಾಗಿ ಬರೆದಿದ್ದರು!

ನಗುವ ಮೊದಲು ನನ್ನ ತಪ್ಪನ್ನೂ ಹೇಳಬೇಕು. ಮಗಳು ಅರ್ಜಿ ಹಾಕಿದ ವರ್ಷ ನಾನೂ ಒಬ್ಬ ಸಲಹೆಗಾರರಿಗೆ ಹಣ ತೆತ್ತೆ. ಅವಳು ವೃದ್ಧಾಶ್ರಮದಲ್ಲಿ ಶನಿವಾರಗಳಂದು ಚಹಾ ಹಂಚುತ್ತಿದ್ದಳು. ತಿದ್ದಿ ಬಂದ ಪ್ರಬಂಧದಲ್ಲಿ ಅವಳು ಸಾಯುತ್ತಿದ್ದ ರೋಗಿಯ ಕೈಹಿಡಿದು ಕುಳಿತಿದ್ದಳು. ಅವಳು ಆ ವಾಕ್ಯಗಳನ್ನು ಹೊಡೆದುಹಾಕಿದಳು. ನಾನು ತಲೆತಗ್ಗಿಸಿದೆ.

ಹಾಗಾದರೆ ಸಹಾಯವೆಲ್ಲವೂ ಅನ್ಯಾಯವೇ? ಅಲ್ಲ. ದೃಷ್ಟಿ ಮಂದವಾದವನಿಗೆ ಕನ್ನಡಕ ಕೊಡುವುದು ಚಿಕಿತ್ಸೆ. ಅವನ ಪರವಾಗಿ ಬೇರೊಬ್ಬನು ಅಕ್ಷರಫಲಕವನ್ನು ಓದಿಬಿಡುವುದು ವಂಚನೆ. ಮಾಹಿತಿ, ಅಭ್ಯಾಸ, ಪ್ರೋತ್ಸಾಹಗಳು ಮೊದಲನೆಯ ಬಗೆಯವು; ಬರೆದುಕೊಡುವುದು ಎರಡನೆಯದು.

ಮೊದಲನೆಯ ಬಗೆಯ ನೆರವಿನಲ್ಲಿ ಬಹುಪಾಲು ಹಣವಿಲ್ಲದೆಯೇ ದೊರೆಯುತ್ತದೆ. ಯೂಕ್ಯಾಟ್ ಪರೀಕ್ಷೆಯ ಅಧಿಕೃತ ಮಾದರಿ ಪ್ರಶ್ನೆಗಳು ಉಚಿತ. ಅರ್ಹ ಬಡ ವಿದ್ಯಾರ್ಥಿಗಳಿಗೆ ಪರೀಕ್ಷಾ ಶುಲ್ಕದ ನೆರವೂ ಉಂಟು. 2026ರ ಪ್ರವೇಶದಿಂದ ಯೂಕ್ಯಾಸ್ ಒಂದೇ ಉದ್ದ ಪ್ರಬಂಧದ ಬದಲು ಮೂರು ನೇರ ಪ್ರಶ್ನೆಗಳನ್ನು ಇಟ್ಟಿರುವುದೂ, ಮನೆಯಲ್ಲಿ ಮಾರ್ಗದರ್ಶನವಿಲ್ಲದ ಮಕ್ಕಳನ್ನು ನೆನೆದೇ.

ಆದರೂ ಒಂದು ಅಂತರ ಉಳಿಯುತ್ತದೆ, ಅದು ನಾವೇ. ವೈದ್ಯರ ಮಕ್ಕಳಿಗೆ ಆಸ್ಪತ್ರೆಯ ಅನುಭವ ಒಂದು ಫೋನ್ ಕರೆಯಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ದುಡಿಯುವವರ ಮಕ್ಕಳು ಯಾರಿಗೆ ಫೋನ್ ಮಾಡಬೇಕು? ಈ ಸಭೆಯಲ್ಲಿರುವ ವೈದ್ಯರೆಲ್ಲರೂ ತಿಂಗಳಿಗೊಂದು ಸಂಜೆಯನ್ನು ಅಂಥ ಮಕ್ಕಳಿಗಾಗಿ ಮೀಸಲಿಡಬೇಕೆಂದು ಕೋರುತ್ತೇನೆ. ಅವರ ಬರಹವನ್ನು ಓದೋಣ, ಪ್ರಶ್ನೆ ಕೇಳೋಣ. ಲೇಖನಿಯನ್ನು ಮಾತ್ರ ಅವರ ಕೈಯಲ್ಲಿಯೇ ಬಿಡೋಣ. ಮೊದಲ ಹೆಸರು ನನ್ನದಿರಲಿ.