ನೆಲದೊಳಗಣ ನೀರಿನ ಅಂದಾಜು
ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳಲ್ಲಿ ವಿದ್ಯುತ್ ಪರೀಕ್ಷೆಯ ಉಪಯೋಗ

ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಸೀಮೆಯಲ್ಲಿ ಬೋರ್‌ವೆಲ್ ಕೊರೆಯಿಸಿದ ದಿನ ಎಷ್ಟು ಅಂಗುಲ ನೀರು ಬಿದ್ದಿತೆಂಬುದನ್ನು ನೋಡಿ, ಅದರ ಮೇಲೆಯೇ ಅರಿಸಿನಕ್ಕೂ ಬಾಳೆಗೂ ಹಣ ತೊಡಗಿಸುವುದು ವಾಡಿಕೆಯಾಗಿದೆ. ಅರಿಸಿನವು ಎಂಟೊಂಬತ್ತು ತಿಂಗಳು ನೆಲದಲ್ಲಿರತಕ್ಕ ಬೆಳೆ. ಮೊದಲ ದಿನದ ರಭಸವು ಕೊನೆಯ ತಿಂಗಳಿನ ಸ್ಥಿತಿಯನ್ನು ತಿಳಿಸಲಾರದು. ಅದನ್ನು ತಿಳಿಯಬೇಕಾದರೆ ನೆಲದ ಎರಡು ಗುಣಗಳನ್ನು ಅರಿಯಬೇಕು: ನೀರನ್ನು ಹಿಡಿದಿಟ್ಟುಕೊಂಡು ಬಿಟ್ಟುಕೊಡುವ ಶಕ್ತಿ ಒಂದು, ಅದನ್ನು ಬಾವಿಯ ಕಡೆಗೆ ಹರಿಯಗೊಡುವ ಶಕ್ತಿ ಇನ್ನೊಂದು.

ಈ ಸೀಮೆಯ ತಳದಲ್ಲಿರುವುದು ಬಹುಮಟ್ಟಿಗೆ ನೈಸ್ ಎಂಬ ಗಟ್ಟಿ ಕಲ್ಲು. ಬಿಳಿಗಿರಿರಂಗನ ಬೆಟ್ಟದ ಕಡೆಗೆ ಚಾರ್ನೊಕೈಟ್ ಕಲ್ಲೂ ಉಂಟು. ಮೇಲಿನ ಮಣ್ಣಿಗೂ ಈ ಕಲ್ಲಿಗೂ ನಡುವೆ, ಕಲ್ಲೇ ಬಹುಕಾಲ ಕೊಳೆತು ಸಡಿಲವಾದ ಪದರವೊಂದಿದೆ. ನೀರಿನ ಮುಖ್ಯ ಕಣಜವೇ ಇದು. ಭಾರತ ಸರ್ಕಾರದ ಅಂತರ್ಜಲ ಅಂದಾಜು ಸಮಿತಿಯು 1997ರಲ್ಲಿ ಸೂಚಿಸಿದ ಪ್ರಮಾಣದಂತೆ, ಜೇಡಿ ಕಡಮೆಯಿರುವ ಇಂಥ ಪದರವು ತನ್ನ ಗಾತ್ರದಲ್ಲಿ ನೂರಕ್ಕೆ 3 ಪಾಲಿನಷ್ಟು ನೀರನ್ನು ಬಿಟ್ಟುಕೊಡುವುದು. ಜೇಡಿ ಹೆಚ್ಚಾಗಿದ್ದರೆ 1.5 ಪಾಲು, ಬಿರುಕು ವಿರಳವಾದ ಗಟ್ಟಿ ಕಲ್ಲಾದರೆ 0.3 ಪಾಲು ಮಾತ್ರ. ಹೀಗಿರುವಲ್ಲಿ, ನೀರಿನ ಮಟ್ಟವು ಸಡಿಲ ಪದರದಲ್ಲಿ ಹತ್ತಡಿ ಇಳಿದರೆ ಆ ನೆಲದ ಮೇಲೆ 3.6 ಅಂಗುಲ ನೀರು ನಿಲ್ಲಿಸುವಷ್ಟು ದೊರೆಯುವುದು. ಗಟ್ಟಿ ಕಲ್ಲಿನಲ್ಲಿ ಅದೇ ಹತ್ತಡಿ ಇಳಿದರೆ ದೊರೆಯುವುದು ಅಂಗುಲದ ಮೂರನೆಯ ಒಂದು ಪಾಲಿಗೆ ಸ್ವಲ್ಪ ಹೆಚ್ಚು. ಮೇಲಿನ ಪದರವು ಬರಿದಾದ ಮೇಲೆ ನೂರಾರು ಅಡಿ ಆಳಕ್ಕೆ ಇಳಿಯುವವರು ಈ ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಈ ಪದರದ ದಪ್ಪವನ್ನು ಕೊರೆಯುವುದಕ್ಕೆ ಮುಂಚೆಯೇ ತಿಳಿಯುವ ಉಪಾಯವು ವಿದ್ಯುತ್ ಪ್ರತಿರೋಧದ ಪರೀಕ್ಷೆ. ಫ್ರಾನ್ಸಿನಲ್ಲಿ ಶ್ಲುಂಬರ್ಜೆಯವರು 1912ರಲ್ಲಿಯೂ, ಅಮೆರಿಕದಲ್ಲಿ ವೆನ್ನರ್ ಎಂಬುವರು 1915ರಲ್ಲಿಯೂ ಇದಕ್ಕೆ ಬುನಾದಿ ಹಾಕಿದರು. ನಾಲ್ಕು ಲೋಹದ ಗೂಟಗಳನ್ನು ಒಂದೇ ಸಾಲಿನಲ್ಲಿ ನೆಟ್ಟು, ಹೊರಗಿನ ಎರಡರಿಂದ ನೆಲಕ್ಕೆ ವಿದ್ಯುತ್ತನ್ನು ಹರಿಸಿ, ಒಳಗಿನ ಎರಡರ ನಡುವೆ ಅದರ ಒತ್ತಡವನ್ನು ಅಳೆಯುತ್ತಾರೆ. ಗೂಟಗಳನ್ನು ದೂರ ದೂರಕ್ಕೆ ಸರಿಸಿದಷ್ಟೂ ಆಳದ ಸಮಾಚಾರ ದೊರೆಯುವುದು. ನೀರುಂಡ ಸಡಿಲ ಪದರದ ಪ್ರತಿರೋಧವು ಸಾಧಾರಣವಾಗಿ ಕೆಲವು ಹತ್ತುಗಳಿಂದ ನೂರರ ಆಸುಪಾಸಿನ ಓಮ್-ಮೀಟರು. ಗಟ್ಟಿ ಕಲ್ಲಿನದು ಸಾವಿರವನ್ನೂ ಮೀರುವುದುಂಟು.

ನೀರನ್ನು ಹರಿಯಗೊಡುವ ಶಕ್ತಿಯನ್ನು ಮಾತ್ರ ಈ ಯಂತ್ರವು ತಾನಾಗಿ ಹೇಳದು. ಅದಕ್ಕೆ ಪಂಪಿನ ಪರೀಕ್ಷೆ ಬೇಕು: ಒಂದೇ ಪ್ರಮಾಣದಲ್ಲಿ ನೀರೆತ್ತುತ್ತ ಮಟ್ಟವು ನಿಮಿಷಕ್ಕೆಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಬೇಗ ಏರಿತು ಎಂಬುದನ್ನು ಬರೆದಿಟ್ಟು, ಥೈಸ್ ಎಂಬುವರು 1935ರಲ್ಲಿ ತೋರಿಸಿದ ಕ್ರಮದಿಂದ ಲೆಕ್ಕ ಹಾಕುವುದು. ಊರಿನ ಪ್ರತಿ ಬಾವಿಯಲ್ಲಿಯೂ ಇದನ್ನು ಮಾಡುವುದು ದುಬಾರಿ. ಪದರದ ಪ್ರತಿರೋಧವನ್ನು ಅದರ ದಪ್ಪದಿಂದ ಗುಣಿಸಿದ ಸಂಖ್ಯೆಗೂ ಪಂಪಿನಿಂದ ತಿಳಿದ ಹರಿವಿನ ಶಕ್ತಿಗೂ, ಕಲ್ಲೂ ನೀರೂ ಒಂದೇ ಬಗೆಯಾಗಿರುವೆಡೆ, ಹೆಚ್ಚುಕಡಮೆ ಒಂದೇ ಅನುಪಾತವಿರುವುದೆಂದು ನಿವಾಸ್ ಮತ್ತು ಸಿಂಘಾಲ್ ಎಂಬ ಭಾರತೀಯ ವಿಜ್ಞಾನಿಗಳು 1981ರಲ್ಲಿ ವಿವರಿಸಿದರು. ಆದಕಾರಣ ಎರಡು ಮೂರು ಬಾವಿಗಳಲ್ಲಿ ಪಂಪಿನ ಪರೀಕ್ಷೆ ನಡೆಸಿ ಅನುಪಾತವನ್ನು ಕಂಡುಕೊಂಡರೆ, ನೆರೆಯ ಹೊಲಗಳಿಗೆ ಗೂಟದ ಪರೀಕ್ಷೆಯೇ ಸಾಕಾಗಬಹುದು. ಸಡಿಲ ಪದರಕ್ಕೆ ಈ ಲೆಕ್ಕ ಹೊಂದುವುದು. ಆಳದ ಕಲ್ಲಿನ ಬಿರುಕುಗಳಿಗೆ ಇದನ್ನು ನಂಬಬಾರದು.

ಮೋಸಹೋಗುವ ಸಂದರ್ಭಗಳೂ ಉಂಟು. ಕಪ್ಪು ಭೂಮಿಯ ಜೇಡಿಯು ಇಪ್ಪತ್ತು ಓಮ್-ಮೀಟರಿಗೂ ಕಡಮೆ ತೋರಿಸಿ, ನೀರು ಸಮೃದ್ಧಿಯಾಗಿದೆಯೆಂಬ ಭ್ರಮೆ ಹುಟ್ಟಿಸುವುದು. ಜೇಡಿಯಾದರೋ ನೀರನ್ನು ಹಿಡಿದೀತೇ ಹೊರತು ಬಿಟ್ಟುಕೊಡದು. ಉಪ್ಪಿನಂಶ ಹೆಚ್ಚಿದ ನೀರೂ ಹೀಗೆಯೇ. ಗೊಬ್ಬರದ ನೈಟ್ರೇಟು ಬಾವಿಗಳಿಗೆ ಇಳಿದಿರುವುದು ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯ ಜಲಾನಯನದಲ್ಲಿ ಕಂಡುಬಂದಿರುವುದರಿಂದ, ಬಾವಿಯ ನೀರಿನ ವಿದ್ಯುದ್ವಾಹಕತೆಯನ್ನೂ ಜೊತೆಯಲ್ಲಿಯೇ ಅಳೆಯಿಸುವುದು ಲೇಸು. 84 ಚದರ ಕಿಲೋಮೀಟರಿನ ಈ ಬೇರಂಬಾಡಿಯಲ್ಲಿಯೂ, ಬಂಡೀಪುರದ ಕಾಡಿನೊಳಗಣ ಮೂಲೆಹೊಳೆಯಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರೆಂಚ್ ವಿಜ್ಞಾನಿಗಳೊಡನೆ ಅನೇಕ ವರ್ಷ ಅಳತೆ ನಡೆಸಿದ್ದಾರೆ. ಬೇರಂಬಾಡಿಯಲ್ಲಿ ನೀರಿನ ಮಟ್ಟವು ತೊರೆಯ ತಳಕ್ಕಿಂತ ಕೆಳಗಿಳಿದು, ಹಿಂದೆ ತೊರೆಗೆ ಒಸರುತ್ತಿದ್ದ ನೀರು ನಿಂತುಹೋಗಿದೆ.

ಗ್ರಾಮದ ಮುಖಂಡರು ಹಣ ಖರ್ಚಿಲ್ಲದೆ ಮಾಡಿಸಬಹುದಾದ ಕೆಲಸವೊಂದುಂಟು. ಸಡಿಲ ಪದರವು ಕುಸಿಯದಂತೆ ಗಟ್ಟಿ ಕಲ್ಲು ಸಿಕ್ಕುವವರೆಗೆ ಕೇಸಿಂಗ್ ಪೈಪು ಇಳಿಸುವರಷ್ಟೆ. ಆ ಪೈಪಿನ ಉದ್ದವೇ ಆ ಪದರದ ದಪ್ಪಕ್ಕೆ ಸುಮಾರಾದ ಸಾಕ್ಷಿ. ಬತ್ತಿದ ಬೋರುಗಳೂ ಸೇರಿ ಪ್ರತಿಯೊಂದರ ಕೇಸಿಂಗ್ ಎಷ್ಟಡಿ, ನೀರು ಸಿಕ್ಕಿದ್ದು ಎಷ್ಟಡಿಗೆ, ಬೇಸಗೆಯ ಕೊನೆಯಲ್ಲಿ ಮಟ್ಟವೆಲ್ಲಿ ಎಂಬುದನ್ನು ಸರ್ವೆ ನಂಬರಿನೊಡನೆ ಪುಸ್ತಕದಲ್ಲಿ ಬರೆಯಿಸಬೇಕು. ಪರೀಕ್ಷೆಗೆ ಬರುವವರು ತಮ್ಮ ಲೆಕ್ಕವನ್ನು ಇದರೊಡನೆ ತಾಳೆ ನೋಡಬಹುದು. ತೆಂಗಿನಕಾಯಿ ಹಿಡಿದು ಜಾಗ ತೋರಿಸುವವರ ಮಾತನ್ನೂ ಇದೇ ಪುಸ್ತಕದೊಡನೆ ತಾಳೆ ನೋಡಿದರೆ ಯಾರಿಗೂ ಅನ್ಯಾಯವಿಲ್ಲ.

ಹೊಲ ಖಾಲಿಯಿರುವ ಬೇಸಗೆಯಲ್ಲಿ ತಂತಿ ಎಳೆಯುವುದು ಅನುಕೂಲ. ಬೇಕಾದ ಆಳದ ಮೂರರಿಂದ ಐದು ಪಾಲು ಉದ್ದದ ನೇರ ಜಾಗವನ್ನು, ತಂತಿಬೇಲಿ ಮತ್ತು ಕಬ್ಬಿಣದ ಪೈಪುಗಳಿಂದ ದೂರವಾಗಿ ಒದಗಿಸಬೇಕು. ನೆಲ ಒಣಗಿದ್ದರೆ ಪ್ರತಿ ಗೂಟದ ಬುಡಕ್ಕೂ ಒಂದಿಷ್ಟು ಉಪ್ಪುನೀರು ಹೊಯ್ಯತಕ್ಕದ್ದು.